ನೀರಿನ ರಾಯರ ಕೂಜ

ನಮ್ಮ ಬೀದಿಯ ನಲ್ಲಿಗಳಿಗೆ ಕಾವೇರಿ ನೀರು ಸೇರಿತು ಎಂಬ ಸುದ್ದಿ ಬಂದ ದಿನ ಎಲ್ಲರೂ ಲೋಟ ತುಂಬಿಕೊಂಡು ಹೊರಗೆ ಬಂದಿದ್ದರು. ಎದುರುಮನೆಯಾಕೆ ಒಂದು ಗುಟುಕು ಕುಡಿದು ಸಿಹಿಯಾಗಿದೆ ಎಂದರು. ಪಕ್ಕದ ಮನೆಯವರು ನಿನ್ನೆಯ ನೀರಿಗೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ ಎಂದು ಮುಖ ಸಿಂಡರಿಸಿದರು. ನಾನು ಕುಡಿಯಲಿಲ್ಲ. ಒಂದು ಚೊಂಬು ತುಂಬಿಕೊಂಡು ಒಳಗೆ ಹೋಗಿ, ಒಂದು ಹಿಡಿ ತೊಗರಿಬೇಳೆ ತೊಳೆದು ಒಲೆಯ ಮೇಲಿಟ್ಟೆ. ಊಟದ ಹೊತ್ತು ಆಗಿಹೋಗಿತ್ತು, ಮಗಳು ಕಾಲೇಜಿಗೆ ಹೋಗಿದ್ದಳು, ಯಜಮಾನರು ಕಾರ್ಖಾನೆಯಲ್ಲಿದ್ದರು. ಆ ಬೇಳೆ ಯಾರಿಗೂ ಬೇಕಾಗಿರಲಿಲ್ಲ.

ನೀರನ್ನು ಬೇಳೆ ಬೇಯಿಸಿ ಅಳೆಯಬೇಕು ಎಂದು ನನಗೆ ಕಲಿಸಿದವರು ಒಬ್ಬರಿದ್ದರು. ಅವರ ಹೆಸರು ಇಲ್ಲಿ ಬೇಡ. ಹೇಳಿದರೆ ಗುರುತು ಹಿಡಿಯುವವರು ಮೈಸೂರಿನಲ್ಲಿ ಇನ್ನೂ ಇದ್ದಾರೆ. ಬೀದಿಯವರು ಬೆನ್ನ ಹಿಂದೆ ಇಟ್ಟಿದ್ದ ಹೆಸರೇ ಸಾಕು: ನೀರಿನ ರಾಯರು.

ನಾನು ಮದುವೆಯಾಗಿ ರಾಜಾಜಿನಗರಕ್ಕೆ ಬಂದಾಗ ಅದನ್ನು ಬೆಂಗಳೂರಿನವರೇ ಬೆಂಗಳೂರು ಎಂದು ಒಪ್ಪುತ್ತಿರಲಿಲ್ಲ. ಹೊಸ ಮನೆಗಳ ಎರಡು ಸಾಲು, ಅದಾದ ಮೇಲೆ ರಾಗಿ ಹೊಲ, ಅದರಾಚೆ ಲಗ್ಗೆರೆಯ ಕಡೆಗೆ ಹೋಗುವ ಗಾಡಿ ದಾರಿ. ಬಸ್ಸು ಬಂದರೆ ಬಂತು. ಬೆಳಿಗ್ಗೆ ಗಂಡಸರೆಲ್ಲ ಕಾರ್ಖಾನೆಗೋ ಆಫೀಸಿಗೋ ಹೊರಟುಹೋದ ಮೇಲೆ ಬೀದಿಯಲ್ಲಿ ಮಾತಾಡಿಸಲು ಒಂದು ನರಪಿಳ್ಳೆ ಇರುತ್ತಿರಲಿಲ್ಲ. ಮೈಸೂರಿನ ತುಂಬಿದ ಮನೆಯಲ್ಲಿ ಆರು ಜನರ ನಡುವೆ ಬೆಳೆದ ನಾನು, ಹತ್ತೊಂಬತ್ತನೆಯ ವಯಸ್ಸಿಗೆ, ಮಧ್ಯಾಹ್ನದ ಹೊತ್ತು ಕಿಟಕಿಯ ಸರಳು ಎಣಿಸುತ್ತ ಕೂತಿರುತ್ತಿದ್ದೆ. ಇದನ್ನು ಈಗಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ನಾನು ಮಾಡಿದ ತಪ್ಪಿಗೆ ಇದೂ ಒಂದು ಕಾರಣ.

ರಾಯರ ಮನೆ ನಮ್ಮ ಪಕ್ಕದ ಗೋಡೆ. ವಯಸ್ಸು ನಲವತ್ತೇಳೋ ನಲವತ್ತೆಂಟೋ. ಸಪೂರ ದೇಹ, ಮುಚ್ಚುಗೊರಳಿನ ಕೋಟು, ತಲೆಗೆ ಕರಿಯ ಟೋಪಿ. ಸರ್ಕಾರಿ ಕಚೇರಿಯೊಂದರಲ್ಲಿ ಹಳೆಯ ಕಡತಗಳನ್ನು ನೋಡಿಕೊಳ್ಳುವ ಗುಮಾಸ್ತರು. ಮೈಸೂರಿನಿಂದ ವರ್ಗವಾಗಿ ಬಂದಿದ್ದರು. ಹೆಂಡತಿ ಜೊತೆಗೆ ಬಂದು ಒಂದು ತಿಂಗಳು ಇದ್ದು ವಾಪಸು ಹೋಗಿದ್ದರಂತೆ. ಆಗ ನಮ್ಮ ಸಾಲಿಗೆ ನಲ್ಲಿ ಇರಲಿಲ್ಲ, ಮೂಲೆಯ ಬಾವಿಯೊಂದೇ ಗತಿ. ಆ ಗಡಸು ಉಪ್ಪು ನೀರಿಗೆ ಆಕೆಯ ಹೊಟ್ಟೆ ಕೆಟ್ಟಿತು, ಕೂದಲು ಉದುರಿತು, ಮೂರು ಗಂಟೆ ಕುದಿಸಿದರೂ ಬೇಳೆ ಬೇಯಲಿಲ್ಲ. ನೀರು ಒಗ್ಗಲಿಲ್ಲ ಎಂದು ಅಣ್ಣನ ಮನೆಗೆ ಹೊರಟುಹೋದರು. ಮಕ್ಕಳಿರಲಿಲ್ಲ.

ಇದಿಷ್ಟನ್ನೂ ರಾಯರು ನನಗೆ ಮೊದಲ ವಾರದಲ್ಲೇ ಹೇಳಿದ್ದರು, ಮುಚ್ಚುಮರೆಯಿಲ್ಲದೆ. ನಲ್ಲಿ ಬರಲಿ, ಅವಳೂ ಬರುತ್ತಾಳೆ ಎಂಬುದು ಅವರ ಲೆಕ್ಕ. ನಮ್ಮ ಬೀದಿಯ ತುದಿಗೆ ನಲ್ಲಿ ಹಾಕಿದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದ್ದು ಹೆಂಗಸರಲ್ಲ, ರಾಯರು.

ಅಂದಿನಿಂದ ಆ ನಲ್ಲಿ ಅವರದಾಯಿತು. ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಹೆಂಗಸರ ಸಾಲಿನಲ್ಲಿ ಅವರೊಬ್ಬರೇ ಗಂಡಸು, ಕೋಟು ಹಾಕಿಕೊಂಡೇ ಬಿಂದಿಗೆ ಹಿಡಿದು ನಿಂತಿರುತ್ತಿದ್ದರು. ನೀವು ಮೊದಲು ಹಿಡೀರಿ ಎಂದು ನಾವು ಜಾಗ ಬಿಟ್ಟರೆ ಒಪ್ಪುತ್ತಿರಲಿಲ್ಲ. ನಲ್ಲಿಯ ಬಾಯಿಗೆ ಬಿಳಿಯ ಮಲ್ಲು ಬಟ್ಟೆ ಕಟ್ಟುತ್ತಿದ್ದರು. ಪ್ರತಿ ಶುಕ್ರವಾರ ಅದನ್ನು ಬಿಚ್ಚಿ, ವಾರದಲ್ಲಿ ಎಷ್ಟು ತುಕ್ಕು ಎಷ್ಟು ಮಣ್ಣು ಬಂದಿದೆ ಎಂದು ಸಾಲಿನವರಿಗೆಲ್ಲ ತೋರಿಸಿ ಹೊಸದು ಕಟ್ಟುತ್ತಿದ್ದರು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಆದರೆ ದಿನಕ್ಕೊಮ್ಮೆ ಆ ಸಾಲಿನಲ್ಲಿ ನಿಂತಾಗಲೇ ಅವರು ಮನುಷ್ಯರ ಜೊತೆ ಮಾತಾಡುತ್ತಿದ್ದುದು ಎಂದು ಹೊಳೆದ ಮೇಲೆ ನಗು ಬರಲಿಲ್ಲ.

ತಿಂಗಳಿಗೊಮ್ಮೆ ಮೈಸೂರಿಗೆ ಹೋಗಿ ಒಂದು ರಾತ್ರಿ ಇದ್ದು ಬರುತ್ತಿದ್ದರು. ಬರುವಾಗ ತಿರುಪಿನ ಮುಚ್ಚಳದ ಹಿತ್ತಾಳೆ ಕೂಜದ ತುಂಬ ಅಲ್ಲಿಯ ನಲ್ಲಿ ನೀರು ತರುತ್ತಿದ್ದರು. ಮೈಸೂರಿನವರಿಗೆ ಕಾವೇರಿ, ನಮಗೆ ಅರ್ಕಾವತಿ. ಆ ದಿನ ಅವರ ಜಗಲಿಯಲ್ಲಿ ಪರೀಕ್ಷೆ ನಡೆಯುತ್ತಿತ್ತು. ಎರಡು ಲೋಟದಲ್ಲಿ ಎರಡು ಊರಿನ ನೀರು. ಒಂದೇ ಸೋಪಿನಲ್ಲಿ ಎರಡು ಕರವಸ್ತ್ರ ತಿಕ್ಕಿ ಯಾವುದರಲ್ಲಿ ನೊರೆ ಹೆಚ್ಚು ಎಂದು ನೋಡುವುದು. ಒಂದೇ ಪುಡಿಯಲ್ಲಿ ಎರಡು ಡಿಕಾಕ್ಷನ್ನು ಇಳಿಸಿ ಗೋಡೆಯಾಚೆಯಿಂದ ನನ್ನನ್ನು ಕರೆದು ರುಚಿ ಕೇಳುವುದು. ಕೊನೆಗೆ ಬೇಳೆ.

"ನೀರು ನಾಲಿಗೆಗೆ ಸುಳ್ಳು ಹೇಳ್ಬಹುದು ಕಣಮ್ಮ, ಬೇಳೆಗೆ ಹೇಳಲ್ಲ" ಎನ್ನುತ್ತಿದ್ದರು. ಬೆಂದ ಒಂದು ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು, ಕಣ್ಣು ಮುಚ್ಚಿ, ಮೆಲ್ಲಗೆ ಅದುಮುವುದು ಅವರ ಕ್ರಮ. ವೈದ್ಯರು ನಾಡಿ ಹಿಡಿದ ಹಾಗೆ ಕಾಣುತ್ತಿತ್ತು.

ಎರಡೂ ಬೇಳೆ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬೇಯತೊಡಗಿದ ಮೇಲೆ ರಾಯರಿಗೆ ಧೈರ್ಯ ಬಂತು. ಹೆಂಡತಿಗೆ ಬರೆದರು. ನಿಮ್ಮ ಪರೀಕ್ಷೆ ನಿಮ್ಮ ಮನೆಯದು, ನಾನು ಕಣ್ಣಾರೆ ನೋಡಬೇಕು ಎಂದು ಆಕೆ ಉತ್ತರ ಕೊಟ್ಟರು. ತಾವೇ ನೀರು ಕೊಂಡುಹೋದರೆ ಪಕ್ಷಪಾತ ಎಂದಾಗುತ್ತದೆ ಎಂದು ರಾಯರಿಗೆ ಕಚೇರಿಯ ಬುದ್ಧಿ ಓಡಿತು. ಆ ಹೊತ್ತಿಗೆ ಸರಿಯಾಗಿ ಗೌರಿ ಹಬ್ಬಕ್ಕೆ ನಾನು ತವರಿಗೆ ಹೊರಟಿದ್ದೆ. ಐದು ತಿಂಗಳ ಬಸುರಿ; ಕರೆದುಕೊಂಡು ಹೋಗಲು ಅಣ್ಣ ಬಂದಿದ್ದ.

ಹೊರಡುವ ಬೆಳಿಗ್ಗೆ ರಾಯರು ಹುಣಿಸೆಹಣ್ಣು ಹಾಕಿ ತಿಕ್ಕಿದ ಕೂಜವನ್ನು ನಮ್ಮ ನಲ್ಲಿಯಿಂದ ತುಂಬಿಸಿ, ಮುಚ್ಚಳದ ಮೇಲೆ ಬಿಳಿ ಬಟ್ಟೆ ಕಟ್ಟಿ ತಂದುಕೊಟ್ಟರು. ಜೊತೆಗೆ ಒಂದು ಹಾಳೆ. ಅದರಲ್ಲಿ ಗೆರೆ ಎಳೆದು, ನೀರು ತಂದವರು, ಬೇಳೆ ಬೇಯಿಸಿದವರು, ಬೆಂದಿದೆಯೇ ಇಲ್ಲವೇ, ಸಾಕ್ಷಿಯ ರುಜು ಎಂದು ದುಂಡಗೆ ಬರೆದಿದ್ದರು. ನನಗೆ ನಗು ತಡೆಯಲಿಲ್ಲ. ಅವರು ನಗಲಿಲ್ಲ.

"ಬೇಳೆ ಬೆಂದ್ರೆ ದಸರಾ ಮುಗಿಸ್ಕೊಂಡು ಬರ್ತೀನಿ ಅಂತ ಬರ್ದಿದಾಳೆ" ಎಂದರು. "ಹುಷಾರಾಗಿ ತಗೊಂಡು ಹೋಗಮ್ಮ."

ಹುಷಾರಾಗಿಯೇ ಇದ್ದೆ, ಮದ್ದೂರಿನವರೆಗೆ. ಮದ್ದೂರಿನಲ್ಲಿ ಅಣ್ಣ ವಡೆ ಕೊಡಿಸಿದ. ಬಸುರಿಯ ಬಾಯಿ, ಒಂದಕ್ಕೆ ನಿಲ್ಲಲಿಲ್ಲ, ಮೂರು ತಿಂದೆ. ರೈಲು ಹೊರಟ ಮೇಲೆ ಗಂಟಲು ಒಣಗಿ ಎದೆ ಉರಿಯತೊಡಗಿತು. ನಮ್ಮ ನೀರು ಚನ್ನಪಟ್ಟಣದಲ್ಲೇ ಮುಗಿದಿತ್ತು. ಅಣ್ಣ ಬಾಯಿ ತೆರೆದು ನಿದ್ದೆ ಹೋಗಿದ್ದ. ಎದುರಿಗೆ ಕೂಜ. ಒಂದೇ ಗುಟುಕು ಎಂದು ಬಟ್ಟೆ ಬಿಚ್ಚಿದೆ, ಎತ್ತಿ ಕುಡಿದೆ. ಮಂಡ್ಯ ಬರುವ ಹೊತ್ತಿಗೆ ಕೂಜ ಖಾಲಿ.

ತವರು ಮನೆ ಸೇರಿ, ಅಮ್ಮ ಒಳಗೆ ಕಾಫಿ ಮಾಡುತ್ತಿದ್ದಾಗ, ಹಿತ್ತಿಲ ನಲ್ಲಿಯಿಂದ ಕೂಜ ತುಂಬಿಸಿ ಬಟ್ಟೆ ಕಟ್ಟಿಬಿಟ್ಟೆ. ಮೊದಲು ಭಯವಾಯಿತು. ಆಮೇಲೆ ಯೋಚಿಸಿದಷ್ಟೂ ಖುಷಿಯಾಯಿತು. ಮೈಸೂರಿನ ನೀರಿನಲ್ಲಿ ಮೈಸೂರಿನ ಬೇಳೆ ಬೇಯದೆ ಎಲ್ಲಿಗೆ ಹೋಗುತ್ತದೆ? ರಾಯರು ಗೆದ್ದ ಹಾಗೆಯೇ. ಮೂರು ವಡೆಯಿಂದ ಒಂದು ಸಂಸಾರ ಕೂಡಿಸಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮರುದಿನ ರಾಯರ ಹೆಂಡತಿ ಇದ್ದ ಮನೆಗೆ ಹೋದೆ. ಮುಖ ಬಾಡಿದ, ಕಾಯಿಲೆಯ ಹೆಂಗಸೊಬ್ಬರನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡಿದ್ದೆ. ಬಾಗಿಲು ತೆಗೆದವರು ಕೊರಳಿಗೆ ಅಳತೆಯ ಟೇಪು ಹಾಕಿಕೊಂಡಿದ್ದ, ತುಂಬುಮುಖದ, ಎತ್ತರದ ಹೆಂಗಸು. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ. ಹತ್ತು ಹನ್ನೆರಡು ಹುಡುಗಿಯರು ಚಾಪೆಯ ಮೇಲೆ ಕೂತು ರವಿಕೆ ಕತ್ತರಿಸುವುದು ಕಲಿಯುತ್ತಿದ್ದರು. ಯಾರೋ ತೋಳನ್ನು ತಲೆಕೆಳಗಾಗಿ ಹೊಲಿದುಬಿಟ್ಟಿದ್ದಳಂತೆ; ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು, ಆಕೆಯೂ ಕಣ್ಣೊರೆಸಿಕೊಂಡು ನಗುತ್ತಿದ್ದರು. ಆ ಮನೆಗೆ ಕಾಲಿಟ್ಟಾಗ, ರಾಜಾಜಿನಗರಕ್ಕೆ ಹೋದ ಮೇಲೆ ನಾನು ಅಷ್ಟು ನಗು ಕೇಳಿಯೇ ಇಲ್ಲ ಎಂದು ಅರಿವಾಯಿತು.

ಆಕೆ ಹಾಳೆ ಓದಿದರು. ತುಟಿಯ ತುದಿ ಸ್ವಲ್ಪ ನಕ್ಕಿತು, ಮತ್ತೆ ಸುಮ್ಮನಾಯಿತು. ಅಡಿಗೆಮನೆಗೆ ಕರೆದುಕೊಂಡು ಹೋಗಿ ಎರಡು ಇದ್ದಿಲೊಲೆ ಹೊತ್ತಿಸಿದರು. ಒಂದೇ ಡಬ್ಬಿಯಿಂದ ಎರಡು ಹಿಡಿ ಬೇಳೆ ಅಳೆದರು. ಒಂದಕ್ಕೆ ತಮ್ಮ ನಲ್ಲಿ ನೀರು, ಇನ್ನೊಂದಕ್ಕೆ ಕೂಜದ ನೀರು. ಬೇಯುವವರೆಗೆ ನನ್ನ ಬಸುರಿನ ವಿಷಯ ಕೇಳಿದರು, ಬೀದಿಯಲ್ಲಿ ಈಗ ಎಷ್ಟು ಮನೆಯಾಗಿದೆ ಎಂದು ಕೇಳಿದರು. ಮಧ್ಯಾಹ್ನ ಏನು ಮಾಡುತ್ತೀಯ ಎಂದು ಕೇಳಿದಾಗ ಕೂಜದ ಬಟ್ಟೆಯನ್ನು ಮಡಿಸತೊಡಗಿದೆ. ಆಕೆ ಮತ್ತೆ ಕೇಳಲಿಲ್ಲ.

ಮುಚ್ಚಳ ತೆಗೆದಾಗ ಎರಡೂ ಪಾತ್ರೆಯಲ್ಲಿ ಬೇಳೆ ಒಡೆದು ಹೂವಾಗಿತ್ತು. ಆಕೆ ಮೊದಲನೆಯ ಪಾತ್ರೆಯಿಂದ ಒಂದು ಕಾಳು ತೆಗೆದು ಅದುಮಿದರು. ಆಮೇಲೆ ಎರಡನೆಯದರಿಂದ. ಬೆರಳು ಒರೆಸಿಕೊಂಡರು.

"ಇದು ಒಳಗೆ ಇನ್ನೂ ಗಟ್ಟಿ ಇದೆ. ನೋಡಮ್ಮ" ಎಂದು ಕೂಜದ ನೀರಿನ ಪಾತ್ರೆಯ ಸೌಟನ್ನು ನನ್ನ ಮುಂದೆ ಹಿಡಿದರು.

ನಾನು ಅದುಮಿದೆ. ಬೆಣ್ಣೆ. ತಲೆಯೆತ್ತಿದರೆ ಆಕೆ ನನ್ನನ್ನೇ ನೋಡುತ್ತಿದ್ದರು. ಮುಂದಿನ ಕೋಣೆಯಲ್ಲಿ ಹುಡುಗಿಯರ ನಗು, ಯಂತ್ರದ ಸದ್ದು. ಇಲ್ಲ, ಬೆಂದಿದೆ ಎಂದು ಹೇಳಬಹುದಿತ್ತು. ಎರಡೂ ನಿಮ್ಮದೇ ನೀರು ಎಂದೂ ಹೇಳಬಹುದಿತ್ತು. ಆ ಕೋಣೆಯಿಂದ ಎದ್ದು ನಮ್ಮ ಬೀದಿಗೆ ಬಂದು ಕಿಟಕಿಯ ಸರಳು ಎಣಿಸಿ ಎಂದು ಆಕೆಗೆ ಹೇಳಲು ನನಗೆ ಬಾಯಿ ಬರಲಿಲ್ಲ.

"ಹೌದು, ಗಟ್ಟಿ ಇದೆ" ಎಂದೆ.

ಆಕೆ ಹಾಳೆಯಲ್ಲಿ ಬೆಂದಿಲ್ಲ ಎಂದು ಬರೆದು ರುಜು ಹಾಕಿದರು. ಕೆಳಗೆ ನಾನು ಸಾಕ್ಷಿ ಹಾಕಿದೆ. ಆಮೇಲೆ ಎರಡೂ ಪಾತ್ರೆಯ ಬೇಳೆಯನ್ನು ಒಂದಕ್ಕೇ ಸುರಿದು ಸಾರು ಮಾಡಿ ನನಗೆ ಊಟಕ್ಕೆ ಹಾಕಿದರು. ಸಾರು ಬಹಳ ಚೆನ್ನಾಗಿತ್ತು.

ಹಬ್ಬ ಮುಗಿಸಿ ಹಿಂತಿರುಗಿದ ದಿನ ರಾಯರು ಬಸ್ಸು ನಿಲ್ಲುವ ಕಡೆಯೇ ಕಾದಿದ್ದರು. ಹಾಳೆಯನ್ನು ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ಅವರು ಕುಸಿದುಬಿಡುತ್ತಾರೆ ಎಂದು ಹೆದರಿದ್ದೆ. ಅವರು ಒಂದು ಉದ್ದನೆಯ ಉಸಿರು ಬಿಟ್ಟರು, ಮುಖ ಹಗುರಾಯಿತು.

"ಹಾಗಾದ್ರೆ ನೀರಿಂದೇ ತೊಂದ್ರೆ" ಎಂದರು. "ನಾನು ಇನ್ನೇನೋ ಅಂದ್ಕೊಂಡಿದ್ದೆ."

ಆ ಮಾತು ಕೇಳಿ ನನಗೆ ಸಮಾಧಾನವಾಯಿತು, ಸುಳ್ಳು ಹೇಳುವುದಿಲ್ಲ. ಒಳ್ಳೆಯದನ್ನೇ ಮಾಡಿದೆ ಎಂದುಕೊಂಡೆ. ತಮ್ಮ ಜಗಲಿಯಲ್ಲಿ ಬೆಂದ ಬೇಳೆಗಿಂತ ರಾಯರಿಗೆ ಆ ಹಾಳೆಯೇ ದೊಡ್ಡದಾಯಿತು; ಅದನ್ನು ಗೋಡೆ ಬೀರುವಿನ ಬಾಗಿಲಿಗೆ ಒಳಗಿನಿಂದ ಅಂಟಿಸಿಕೊಂಡರು. ತಿಂಗಳಿಗೊಮ್ಮೆ ಹೋಗುತ್ತಿದ್ದವರು ಮೂರು ತಿಂಗಳಿಗೊಮ್ಮೆ ಹೋಗತೊಡಗಿದರು. ನೀರು ಸರಿಯಾಗುವವರೆಗೆ ಅವಳಿಗೆ ಬಲವಂತ ಮಾಡಿ ಏನು ಪ್ರಯೋಜನ ಎನ್ನುತ್ತಿದ್ದರು. ಉಳಿದ ಹೊತ್ತೆಲ್ಲ ನೀರನ್ನು ಸರಿಮಾಡಲು ಹೋಯಿತು. ನೀರಿನ ಆಫೀಸಿಗೆ ಅರ್ಜಿ ಬರೆದರು, ಸೀಸೆಯಲ್ಲಿ ನಲ್ಲಿ ನೀರು ತುಂಬಿಕೊಂಡು ತಾವೇ ಹೋಗಿ ಕೊಟ್ಟರು. ನೀರು ಕುಡಿಯಲು ಚೆನ್ನಾಗಿದೆ ಎಂದು ಪ್ರತಿ ಸಲ ಉತ್ತರ ಬರುತ್ತಿತ್ತು. ಆ ಉತ್ತರವನ್ನು ನನಗೆ ತೋರಿಸಿ ತಲೆಯಾಡಿಸುತ್ತಿದ್ದರು. ಇವರು ಬೇಳೆ ಬೇಯಿಸಿ ನೋಡಿಲ್ಲ, ನಾವು ನೋಡಿದ್ದೇವಲ್ಲ ಎನ್ನುತ್ತಿದ್ದರು. ನಾವು ಎಂಬ ಆ ಮಾತು ಬಂದಾಗಲೆಲ್ಲ ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಹೇಳಿಬಿಡಬೇಕು ಎಂದುಕೊಳ್ಳುವಷ್ಟರಲ್ಲಿ ಮಗು ಅಳುತ್ತಿತ್ತು, ಹಾಲು ಉಕ್ಕುತ್ತಿತ್ತು, ಏನೋ ಒಂದು ನೆಪ ಸಿಗುತ್ತಿತ್ತು.

ನನ್ನ ಮಗಳಿಗೆ ಅವರ ಜೊತೆ ಬಹಳ ಸಲಿಗೆ. ಅವರ ಜಗಲಿಯಲ್ಲಿ ಲೋಟಗಳನ್ನಿಟ್ಟು ತಾನೂ ನೀರು ನೋಡುವ ಆಟ ಆಡುತ್ತಿದ್ದಳು. ಬೀದಿ ಬೆಳೆಯಿತು, ಮನೆ ಮನೆಗೆ ನಲ್ಲಿ ಬಂತು, ಸಾಲಿನಲ್ಲಿ ನಿಲ್ಲುವುದು ತಪ್ಪಿತು. ಹೆಂಗಸರೆಲ್ಲ ಸದ್ಯ ಎಂದರು. ರಾಯರು ಮಾತ್ರ ಕೆಲವು ದಿನ ಬೆಳಿಗ್ಗೆ ಕೋಟು ಹಾಕಿಕೊಂಡು ಆ ಹಳೆಯ ನಲ್ಲಿಯ ಹತ್ತಿರ ಹೋಗಿ ನಿಂತು ಬರುತ್ತಿದ್ದರು. ಅಲ್ಲಿ ಯಾರೂ ಇರುತ್ತಿರಲಿಲ್ಲ.

ಐವತ್ತೈದು ತುಂಬಿ ಅವರು ನಿವೃತ್ತರಾದಾಗ ಬೀದಿಯವರೆಲ್ಲ ಸೇರಿ ಹಾರ ಹಾಕಿದೆವು. ಇನ್ನೇನು, ಒಳ್ಳೆ ನೀರಿನ ಊರಿಗೆ ಹೊರಟಿರಿ ಎಂದು ತಮಾಷೆ ಮಾಡಿದೆವು. ಆ ವಾರವೇ ಹೆಂಡತಿಯ ಕಾಗದ ಬಂತು. ರಾಯರು ಅದನ್ನು ನನ್ನ ಕೈಗೇ ಕೊಟ್ಟರು. ಅಣ್ಣನಿಗೆ ಶಿವಮೊಗ್ಗಕ್ಕೆ ವರ್ಗವಾಗಿತ್ತು, ಸಂಸಾರ ಹೊರಟುಹೋಗಿತ್ತು. ಹೊಲಿಗೆಗೆ ಬರುತ್ತಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಮದುವೆಯಾಗಿ ಹೋಗಿದ್ದರು, ಹೊಸಬರು ಬಂದಿರಲಿಲ್ಲ. ಕೊನೆಯಲ್ಲಿ ಒಂದು ಸಾಲು: ಮನೆಯಲ್ಲಿ ಈಗ ನಾನೊಬ್ಬಳೇ, ನಲ್ಲಿಯಲ್ಲಿ ನೀರು ಮೊದಲಿನ ಹಾಗೇ ಚೆನ್ನಾಗಿ ಬರುತ್ತಿದೆ.

ಬಾ ಎಂದು ಬರೆಯಲು ಆಕೆಗೆ ಅದಕ್ಕಿಂತ ಬೇರೆ ಮಾತು ಗೊತ್ತಿರಲಿಲ್ಲ. ನನಗೆ ಕಣ್ಣು ತುಂಬಿತು. ಯಾವಾಗ ಹೊರಡುತ್ತೀರಿ ಎಂದು ಕೇಳಿದೆ. ಮೊದಲು ನೀರು ನೋಡೋಣ ಎಂದರು ರಾಯರು.

ಮುಂದಿನ ವಾರ ನಾನು ಮಗಳ ಜೊತೆ ಮೈಸೂರಿಗೆ ಹೋಗುವುದಿತ್ತು. ಮತ್ತೆ ಅದೇ ಕೂಜ, ಈ ಸಲ ಖಾಲಿ, ಅಲ್ಲಿಯ ನೀರು ತರಲು. ಆಕೆಯ ಮನೆಯಲ್ಲಿ ಹೊಲಿಗೆ ಯಂತ್ರಗಳ ಮೇಲೆ ಬಟ್ಟೆ ಹೊದಿಸಿತ್ತು. ತಲೆ ಅರ್ಧ ನರೆತಿತ್ತು. ಕೂಜವನ್ನು ತಾವೇ ತೊಳೆದು, ನಲ್ಲಿಯ ಕೆಳಗೆ ಹಿಡಿದು ತುಂಬಿಸಿ, ಸೆರಗಿನಿಂದ ಅದರ ಬಾಯಿ ಒರೆಸಿಕೊಟ್ಟರು.

"ಈ ಸಲ ಬೇಳೆ ಬೇಯತ್ತೆ ಅಂತ ಹೇಳಮ್ಮ" ಎಂದರು.

ಮದ್ದೂರಿನಲ್ಲಿ ನಾನು ವಡೆಯ ಕಡೆ ತಲೆಯೆತ್ತಿಯೂ ನೋಡಲಿಲ್ಲ. ಒಂದು ಹನಿ ಚೆಲ್ಲದೆ ಕೂಜ ತಂದು ಒಪ್ಪಿಸಿದೆ. ರಾಯರು ಒಲೆ ಹೊತ್ತಿಸಿ ಕಾದಿದ್ದರು. ಈ ಸಲ ಒಂದೇ ಪಾತ್ರೆ. ಬೇಳೆ ಬೆಂದು ಪರಿಮಳ ಬಂತು. ಅವರು ಒಂದು ಕಾಳು ತೆಗೆದು, ಕಣ್ಣು ಮುಚ್ಚಿ, ಅದುಮಿದರು. ಬೆರಳುಗಳ ನಡುವೆ ಅದು ಕರಗಿ ಹೋದದ್ದು ನನಗೇ ಕಾಣಿಸಿತು.

"ಒಳಗೆ ಗಟ್ಟಿ ಇದೆ ಅನ್ಸತ್ತಮ್ಮ" ಎಂದರು.

ಏಳು ವರ್ಷದ ಹಿಂದಿನ ಅಡಿಗೆಮನೆ ಹಾಗೇ ಎದುರಿಗೆ ಬಂತು. ಇನ್ನೊಮ್ಮೆ ಹೌದು ಎನ್ನಲು ನನ್ನಿಂದ ಆಗಲಿಲ್ಲ.

"ಬೆಂದಿದೆ ರಾಯರೇ" ಎಂದೆ. "ಆವತ್ತೂ ಬೆಂದಿತ್ತು."

ಎಲ್ಲವನ್ನೂ ಹೇಳಿದೆ. ವಡೆ, ಖಾಲಿಯಾದ ಕೂಜ, ಹಿತ್ತಿಲ ನಲ್ಲಿ, ಎರಡು ಪಾತ್ರೆಯಲ್ಲೂ ಒಂದೇ ನೀರು, ನನ್ನ ಸಾಕ್ಷಿ. ಹೇಳುತ್ತ ಅತ್ತೆ. ರಾಯರು ಬಾಯಿಮಾತಿಗೂ ಬೈಯಲಿಲ್ಲ. ಒಲೆಯಿಂದ ಪಾತ್ರೆ ಇಳಿಸಿ, ಮುಚ್ಚಳ ಮುಚ್ಚಿದರು.

"ಆವತ್ತೇ ಹೇಳಿದ್ದಿದ್ರೆ ಮಾರನೇ ದಿನದ ರೈಲಿಗೇ ಹೋಗ್ತಿದ್ದೆ ಕಣಮ್ಮ" ಎಂದರು. "ನೀರಲ್ಲ ಅಂದ್ಮೇಲೆ ಇನ್ನೇನು ಅಂತ ಕೇಳ್ತಿದ್ದೆ. ಬೈಯೋಳು, ಅಳೋಳು, ಏನೋ ಒಂದು ಹೇಳೋಳು. ಈಗ ಹೋಗಿ ಕೇಳೋಕೆ ನನ್ನ ಹತ್ರ ಏನೂ ಉಳಿದಿಲ್ಲ."

ಮರುದಿನ ಬೆಳಿಗ್ಗೆ ಅಂಚೆಗೆ ಹಾಕಲು ನನ್ನ ಕೈಗೆ ಒಂದು ಕಾರ್ಡು ಕೊಟ್ಟರು. ಕಾರ್ಡಿಗೆ ಮುಚ್ಚುಮರೆ ಎಲ್ಲಿದೆ, ಓದಿದೆ. ಇಲ್ಲಿಯ ನೀರಿಗೆ ಮೈ ಒಗ್ಗಿಹೋಗಿದೆ, ಈ ವಯಸ್ಸಿನಲ್ಲಿ ನೀರು ಬದಲಾಯಿಸುವುದು ಬೇಡ ಎಂದು ಡಾಕ್ಟರು ಹೇಳಿದ್ದಾರೆ ಎಂದು ಬರೆದಿತ್ತು. ಅವರು ಯಾವ ಡಾಕ್ಟರ ಬಳಿಗೂ ಹೋಗಿರಲಿಲ್ಲ. ಅಂಚೆ ಡಬ್ಬಿಯ ಮುಂದೆ ಕಾರ್ಡು ಹಿಡಿದು ನಿಂತೆ. ಹರಿದುಹಾಕಬಹುದಿತ್ತು. ಒಮ್ಮೆ ಅವರಿಬ್ಬರ ನಡುವೆ ಕೈ ಹಾಕಿ ಕೆಡಿಸಿದ್ದು ಸಾಕು ಎನಿಸಿತು. ಹಾಕಿಬಿಟ್ಟೆ. ಮೈಸೂರಿನಿಂದ ಅದಕ್ಕೆ ಉತ್ತರ ಬರಲಿಲ್ಲ.

ಆಮೇಲೆ ಆರೇಳು ವರ್ಷ ರಾಯರು ಅದೇ ಮನೆಯಲ್ಲಿ ಇದ್ದರು. ಜಗಲಿಯ ಪರೀಕ್ಷೆ ನಿಂತುಹೋಯಿತು. ನಲ್ಲಿಯಲ್ಲಿ ಏನು ಬಂದರೆ ಅದನ್ನು ಕುಡಿಯುತ್ತಿದ್ದರು. ನನ್ನ ಮೇಲೆ ಮುನಿಸು ತೋರಿಸಲಿಲ್ಲ. ಗೋಡೆಯಾಚೆಯಿಂದ ಕಾಫಿ ರುಚಿ ನೋಡಲು ಕರೆಯುವುದನ್ನು ಮಾತ್ರ ಬಿಟ್ಟರು. ಅವರು ತೀರಿಹೋದ ಮೇಲೆ ಮನೆ ಖಾಲಿ ಮಾಡಲು ಬಂದ ಸಂಬಂಧಿಕರು ಕೂಜವನ್ನು ನನಗೆ ಕೊಟ್ಟರು. ಬೀರುವಿನ ಬಾಗಿಲಿಗೆ ಅಂಟಿಸಿದ್ದ ಹಾಳೆ ಹಾಗೇ ಇತ್ತು. ಕೆಳಗೆ ನಾನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಾಕಿದ ರುಜು.

ಈಗ ಎರಡೂ ಊರು ಒಂದೇ ಹೊಳೆಯ ನೀರು ಕುಡಿಯುತ್ತವೆ. ಕಾವೇರಿ ಬಂದ ಆ ದಿನ ನಮ್ಮ ಮನೆಯ ಒಲೆಯ ಮೇಲೆ ಬೇಳೆ ಎಂದಿನ ಹೊತ್ತಿಗೇ ಒಡೆಯಿತು. ಒಂದು ಕಾಳು ತೆಗೆದು, ಕಣ್ಣು ಮುಚ್ಚಿ, ಹೆಬ್ಬೆರಳು ತೋರುಬೆರಳಿನ ನಡುವೆ ಅದುಮಿದೆ. ಅಡಿಗೆಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಆದರೂ ಪಕ್ಕದ ಗೋಡೆಯ ಕಡೆ ತಿರುಗಿ, ಆ ಮನೆಗೆ ಕೇಳಿಸುವ ಹಾಗೆ, ಬೆಂದಿದೆ ಎಂದು ಹೇಳಿದೆ.